ವೇಟಿಂಗ್ ಲಿಸ್ಟಿನ ಮೊದಲ ಹೆಸರು

ಸಮಾಜಕಾರ್ಯದಲ್ಲಿ ಪಿಎಚ್‌ಡಿ ಮಾಡಬೇಕೆನ್ನುವ ನಮ್ಮ ಕಡೆಯ ಹುಡುಗ ಹುಡುಗಿಯರು ಈಗೀಗ ವಾಡಿ ಸ್ಟೇಷನ್ನಿನಲ್ಲಿ ಇಳಿದು ನನ್ನ ಮನೆ ಕೇಳಿಕೊಂಡು ಬರುತ್ತಾರೆ. ನಾನು ಅವರಿಗೆ ಚಹಾ ಕುಡಿಸಿ, ಫೈಲು ಬಿಚ್ಚಿಸಿ, ಒಂದೊಂದೇ ಕಾಗದ ತೆಗೆದು ನೋಡುತ್ತೇನೆ. ಅರ್ಜಿ ಹಾಕುವ ಮೊದಲೇ ಗೈಡನ್ನು ಹುಡುಕಿಕೊಳ್ಳಿ ಎನ್ನುತ್ತೇನೆ. ಪ್ರಸ್ತಾವನೆ ಓದುವವರಿಗೆ ಎರಡನೇ ಪುಟದೊಳಗೆ ನಿಮ್ಮ ಪ್ರಶ್ನೆ ಗೊತ್ತಾಗಬೇಕು. ನಮ್ಮ ಭಾಗದವರಿಗೆ ಇರುವ ಮೀಸಲಾತಿಯ ೩೭೧ಜೆ ಪ್ರಮಾಣಪತ್ರವನ್ನು ಅರ್ಜಿ ಕರೆಯುವುದಕ್ಕಿಂತ ಮೊದಲೇ ಮಾಡಿಸಿ ಇಟ್ಟುಕೊಳ್ಳಿ, ಕೊನೆಯ ವಾರದಲ್ಲಿ ಸೇಡಂನ ಸರ್ಕಾರಿ ಕಚೇರಿಗೆ ಓಡಬೇಡಿ. ಸಂದರ್ಶನದಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಇಷ್ಟೆಲ್ಲ ಹೇಳುತ್ತೇನೆ, ಹೇಳುವುದು ನನಗೆ ಇಷ್ಟ.

ಅವರಲ್ಲಿ ಯಾರಾದರೂ ನಿಮ್ಮ ಸೀಟು ಹೇಗೆ ಸಿಕ್ಕಿತು ಸರ್ ಎಂದು ಕೇಳಿದರೆ ಮಾತ್ರ, ವೇಟಿಂಗ್ ಲಿಸ್ಟಿನಲ್ಲಿತ್ತು, ನನಗಿಂತ ಮುಂದಿದ್ದವರು ಬರಲಿಲ್ಲ, ನನಗೆ ಬಂತು ಎಂದಷ್ಟೇ ಹೇಳಿ ಬೇರೆ ಮಾತಿಗೆ ಹೋಗುತ್ತೇನೆ. ಅದು ಸುಳ್ಳಲ್ಲ. ಆದರೆ ಆ ಮುಂದಿನವರು ಯಾಕೆ ಬರಲಿಲ್ಲ ಎನ್ನುವುದನ್ನು ಹೀಗೆ ಬರುವವರಲ್ಲಿ ಯಾರಿಗೂ ಇದುವರೆಗೆ ಪೂರ್ತಿ ಹೇಳಿಲ್ಲ.

ನನ್ನನ್ನು ಬೆಳೆಸಿದ್ದು ನೆಲಕ್ಕೆ ಹಾಸುವ ಶಹಾಬಾದಿನ ಫರ್ಸಿ ಕಲ್ಲಿನ ವ್ಯಾಪಾರ. ಹದಿನೆಂಟು ತುಂಬುವ ಹೊತ್ತಿಗೆ ಒಂದು ಪಾಲಿಶ್ ಕಾರ್ಖಾನೆಯಲ್ಲಿ ಲಾರಿಗೆ ಕಲ್ಲು ಹೇರಿಸುವ ಕೆಲಸಕ್ಕೆ ಸೇರಿದ್ದೆ. ಅಲ್ಲಿಂದಲೇ ಅಂಚೆ ಮೂಲಕ ಬಿಎ ಮುಗಿಸಿದೆ, ಆಮೇಲೆ ಕಲಬುರಗಿಗೆ ದಿನಾ ರೈಲಿನಲ್ಲಿ ಓಡಾಡಿ ಎಂಎಸ್‌ಡಬ್ಲ್ಯು ಮಾಡಿದೆ. ಆ ಕಲ್ಲಿನ ಅಂಗಳದಲ್ಲಿ ಸೌದಾ ಮಾಡುವುದಕ್ಕೆ ಒಂದು ರೀತಿ ಇದೆ. ಬೇಕಾದ ಕಲ್ಲಿನ ರಾಶಿಯ ಕಡೆ ನೋಡಬಾರದು, ಪಕ್ಕದ ರಾಶಿಯನ್ನು ನೋಡಿ ಮಾತಾಡಬೇಕು. ಮಾತು ಹೊಂದದಿದ್ದರೆ ಎದ್ದು ಗಾಡಿ ಚಾಲು ಮಾಡಬೇಕು. ಮಾಲೀಕ ತಡೆಯುವುದಿಲ್ಲ. ಗೇಟು ಮುಟ್ಟುವ ತನಕ ಸುಮ್ಮನಿರುತ್ತಾನೆ, ಗೇಟಿನ ಹತ್ತಿರ ಹೋದಾಗ, "ಅರೆ, ಬರ್ರಿ ಇಲ್ಲಿ, ಹಂಗ್ಯಾಕ ಹೊಂಟ್ರಿ" ಎಂದು ಕೂಗುತ್ತಾನೆ. ಕೂಗುತ್ತಾನೆಂದು ಹೋಗುವವನಿಗೂ ಗೊತ್ತು, ಹೋಗುವುದಿಲ್ಲವೆಂದು ಕೂಗುವವನಿಗೂ ಗೊತ್ತು. ಯಾರಿಗೂ ಅವಮಾನವಿಲ್ಲ. ನಾನು ಇದನ್ನು ಕಲ್ಲು ಬಿಟ್ಟ ಮೇಲೂ ಬಿಡಲಿಲ್ಲ. ಚಿತ್ತಾಪುರದ ಒಂದು ಚಿಕ್ಕ ಸಂಸ್ಥೆಯಲ್ಲಿ ಮೇಲ್ವಿಚಾರಕನಾಗಿ ಸೇರಿದ ಮೇಲೆ ಅಂಗನವಾಡಿಗೆ ಜಾಗ ಬೇಕಾದಾಗ, ಶಾಲೆಯ ಒಂದು ಖೋಲಿ ಬೇಕಾದಾಗ, ಎಲ್ಲ ಕಡೆ ಎದ್ದು ಬಾಗಿಲ ತನಕ ನಡೆದಿದ್ದೇನೆ. ಪ್ರತಿ ಸಲವೂ ಯಾರೋ ಹಿಂದಿನಿಂದ ಕರೆದಿದ್ದಾರೆ.

ಪಟ್ಟಿಯಲ್ಲಿ ನನಗಿಂತ ಮುಂದಿದ್ದ ಆಕೆ ನಮ್ಮ ಸಂಸ್ಥೆಗೆ ಸೇರಿದ್ದು ನಾನು ಸೇರಿದ ಎರಡು ವರ್ಷದ ಮೇಲೆ. ಊರು ಚಿಂಚೋಳಿ ತಾಲ್ಲೂಕಿನಲ್ಲಿ, ಚಂದ್ರಂಪಳ್ಳಿಯಿಂದಲೂ ಆಚೆ. ತಾಯಿ ಬೇರೆಯವರ ಹೊಲಕ್ಕೆ ತೊಗರಿ ಕೊಯ್ಯಲು ಹೋಗುತ್ತಿದ್ದವರು. ಸುಗ್ಗಿ ಬಂತೆಂದರೆ ಈಕೆಯನ್ನು ಶಾಲೆ ಬಿಡಿಸಿ ಹೊಲದ ಬದುವಿನ ಬೇವಿನ ಗಿಡದ ಕೆಳಗೆ ಕೂರಿಸುತ್ತಿದ್ದರಂತೆ. ಕೊಯ್ಲಿಗೆ ಬಂದ ಹೆಣ್ಣುಮಕ್ಕಳ ಕೂಸುಗಳೆಲ್ಲ ಈಕೆಯ ಪಾಲಿಗೆ. ಟೊಂಗೆಗೆ ಸೀರೆಯ ಜೋಳಿಗೆ ಕಟ್ಟಿ ಎರಡು, ಮಡಿಲಲ್ಲಿ ಒಂದು, ಸುತ್ತ ಅಂಬೆಗಾಲಿಡುವ ನಾಲ್ಕೈದು. ಅಳುವುದನ್ನು ಕೇಳಿಯೇ ಯಾವುದಕ್ಕೆ ಹಸಿವು, ಯಾವುದಕ್ಕೆ ಇರುವೆ ಕಚ್ಚಿದೆ ಎಂದು ಹೇಳುತ್ತಿದ್ದೆ ಎನ್ನುತ್ತಿದ್ದಳು. ಆಗ ಈಕೆಗೆ ಒಂಬತ್ತೋ ಹತ್ತೋ ವರ್ಷ.

ನಾವಿಬ್ಬರೂ ಒಟ್ಟಿಗೆ ಸರ್ವೆಗೆ ಹೋಗುತ್ತಿದ್ದೆವು. ನಾನು ಹಾಳೆ ಹಿಡಿದು ಪ್ರಶ್ನೆ ಓದುತ್ತಿದ್ದೆ, ಎದುರಿನ ಹೆಣ್ಣುಮಗಳು ಹೂಂ, ಇಲ್ಲ ಎನ್ನುತ್ತಿದ್ದಳು. ಈಕೆ ಹೋಗಿ ಪಕ್ಕದಲ್ಲಿ ಕೂತು ಕೂಸನ್ನು ತನ್ನ ಮಡಿಲಿಗೆ ಎತ್ತಿಕೊಂಡರೆ ಸಾಕು, ಅದೇ ಹೆಣ್ಣುಮಗಳು ಹಾಳೆಯಲ್ಲಿ ಇಲ್ಲದ್ದನ್ನೂ ಹೇಳುತ್ತಿದ್ದಳು. ಒಮ್ಮೆ ನನ್ನ ಪ್ರಶ್ನೆಗಳನ್ನು ಓದಿ ನೋಡಿ ಈಕೆ ಅಂದಳು:

"ಅಣ್ಣಾ, ಇವು ಪ್ರಶ್ನಿ ಅಲ್ರಿ, ಪೊಲೀಸ್ರು ಜಬಾಬು ತಗೊಂಡಂಗ ಅದಾವ."

"ಮತ್ತ ಹೆಂಗ ಕೇಳಬೇಕವ್ವಾ?"

"ಕೇಳಬಾರದ್ರಿ. ಕುಂದರಬೇಕು."

ಪಿಎಚ್‌ಡಿಗೆ ಅರ್ಜಿ ಹಾಕೋಣ ಎನ್ನುವುದು ನನ್ನದೇ ಯೋಚನೆ. ನನ್ನ ವಿಷಯ ಕಲ್ಲು ಪಾಲಿಶ್ ಮಾಡುವ ಹೆಣ್ಣುಮಕ್ಕಳ ಕೆಲಸದ ಸ್ಥಿತಿ. ಈಕೆಯದು, ಸುಗ್ಗಿಯಲ್ಲಿ ಕೂಲಿ ಹೆಂಗಸರ ಕೂಸುಗಳನ್ನು ಯಾರು ನೋಡಿಕೊಳ್ಳುತ್ತಾರೆ, ಅವರ ಶಾಲೆ ಏನಾಗುತ್ತದೆ ಎನ್ನುವುದು. ಅವಳ ಇಂಗ್ಲಿಷನ್ನು ನಾನು ತಿದ್ದಿದೆ, ನನ್ನ ಪ್ರಶ್ನೆಗಳನ್ನು ಅವಳು ತಿದ್ದಿದಳು. ನಾಲ್ಕು ಕಡೆ ಅರ್ಜಿ ಹಾಕಿದೆವು. ಮೂರು ಕಡೆ ಪ್ರವೇಶ ಪರೀಕ್ಷೆಯಲ್ಲೇ ಮುಗಿಯಿತು. ಉಳಿದದ್ದು ದಕ್ಷಿಣದ ಕಡೆಯ ಒಂದು ವಿಶ್ವವಿದ್ಯಾಲಯ. ಆ ವಿಭಾಗದಲ್ಲಿ ನಮ್ಮ ಭಾಗದವರಿಗೆಂದು ಇದ್ದದ್ದು ಒಂದೇ ಸೀಟು.

ಅದು ಗೊತ್ತಿದ್ದೇ ಇಬ್ಬರೂ ಒಟ್ಟಿಗೆ ಸೇಡಂಗೆ ಪ್ರಮಾಣಪತ್ರ ಮಾಡಿಸಲು ಹೋಗಿದ್ದೆವು. ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯವನ ಜತೆ ನಾನು ಪ್ರತಿಗೆ ಇಷ್ಟು ಕಡಿಮೆ ಮಾಡು ಎಂದು ಹಟ ಹಿಡಿದಾಗ ಈಕೆ ನಕ್ಕಳು.

"ಜೆರಾಕ್ಸಿನವನ ಕೂಡ ಮಾಡಿದ್ದಾತು, ಒಳಗ ಸಾಹೇಬ್ರ ಕೂಡ ಸೌದಾ ಮಾಡಬ್ಯಾಡ್ರಿ ಅಣ್ಣಾ. ನನ್ನ ಕಾಗದನೂ ನಿಲ್ಲಿಸ್ಯಾರು."

"ಸೀಟ್ ಒಂದ ಅದ, ನಾವ್ ಇಬ್ರು. ನಿನ್ನ ಕಾಗದ ನಿಂತ್ರ ನನಗ ಚಲೋನ ಆತಲ್ಲ."

"ಹಂಗ ಮಾಡ್ರಿ ನೋಡೋಣ. ಸೀಟ್ ಬಂದವರು ಬರಲಾರದವರಿಗೆ ಊಟ ಹಾಕಸಬೇಕು, ಮುಗೀತು."

ನಾವು ಹಾಗೆ ನಗುತ್ತಿದ್ದೆವು. ಆ ಮಾತಿನಲ್ಲಿ ಯಾರ ಮನಸ್ಸಿನಲ್ಲೂ ಏನೂ ಇರಲಿಲ್ಲ ಎಂದು ಈಗಲೂ ನಂಬಿದ್ದೇನೆ.

ಸಂದರ್ಶನದಲ್ಲಿ ಗೈಡ್ ಆಗಬೇಕಾದ ಪ್ರೊಫೆಸರ್ ಒಬ್ಬ ಹಿರಿಯ ಹೆಂಗಸು. ಅವರಿಗೆ ನಿವೃತ್ತಿ ಹತ್ತಿರವಾಗಿತ್ತು. ನಿಯಮದ ಪ್ರಕಾರ ಅದೇ ವರ್ಷ ಕೊನೆಯದಾಗಿ ಒಬ್ಬ ವಿದ್ಯಾರ್ಥಿಯನ್ನು ತೆಗೆದುಕೊಳ್ಳಬಹುದಿತ್ತು, ಆಮೇಲೆ ಇಲ್ಲ. ಬಾಲ್ಯ, ಕೂಲಿ, ಹೆಣ್ಣುಮಕ್ಕಳು ಇವುಗಳ ಮೇಲೆ ಕೆಲಸ ಮಾಡಿದವರು ಆ ವಿಭಾಗದಲ್ಲಿ ಅವರೊಬ್ಬರೇ. ನನಗೆ ಸ್ಯಾಂಪಲ್ ಎಷ್ಟು, ಪದ್ಧತಿ ಯಾವುದು ಎಂದು ಕೇಳಿ ಬಿಟ್ಟರು. ಈಕೆ ಒಳಗೆ ಹೋದವಳು ನಲವತ್ತು ನಿಮಿಷ ಹೊರಗೆ ಬರಲಿಲ್ಲ. ಬಂದಾಗ ಮುಖ ಕೆಂಪಾಗಿತ್ತು. "ಜೋಳಿಗಿ ಹೆಂಗ ಕಟ್ತಿದ್ದಿ ಅಂತ ಕೇಳಿದ್ರು ಅಣ್ಣಾ. ನನ್ನ ವೇಲ್ ತಗೊಂಡು ಕುರ್ಚಿಗೆ ಕಟ್ಟಿ ತೋರಿಸಿ ಬಂದೆ" ಅಂದಳು. ಆಗಲೇ ನನಗೆ ಆ ಸೀಟು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಾಯಿತು.

ಆಮೇಲೆ ಕಾಯುವುದು. ಕಾಯುವವರಿಗೆ ಗೊತ್ತು, ಅದು ಮನುಷ್ಯನನ್ನು ಎಷ್ಟು ಸಣ್ಣವನನ್ನಾಗಿ ಮಾಡುತ್ತದೆ ಎಂದು. ಹಳ್ಳಿಯಲ್ಲಿ ಮೀಟಿಂಗ್ ನಡೆಸುತ್ತ ಮೇಜಿನ ಕೆಳಗೆ ಮೊಬೈಲು ಹಿಡಿದು ವೆಬ್‌ಸೈಟ್ ತೆರೆಯುತ್ತಿದ್ದೆ. "ಶೀಘ್ರದಲ್ಲಿ ಪ್ರಕಟಿಸಲಾಗುವುದು" ಎಂಬ ಸಾಲು ಎಷ್ಟು ಸಲ ಓದಿದ್ದೇನೋ. ಹೆಂಡತಿ ಒಂದು ದಿನ, "ಅನ್ನ ತಣ್ಣಗಾಗತದ, ಲಿಸ್ಟ್ ಏನ್ ತಣ್ಣಗಾಗಂಗಿಲ್ಲ, ಉಣ್ರಿ ಮದಲ" ಅಂದಳು. ನನ್ನ ಜತೆ ಅರ್ಜಿ ಹಾಕಿದವಳು ಆಗ ತೊಗರಿ ಕೊಯ್ಲಿಗೆಂದು ಹದಿನೈದು ದಿನ ರಜೆ ಹಾಕಿ ಊರಿಗೆ ಹೋಗಿದ್ದಳು, ತಾಯಿಗೆ ಮೈಗೆ ಸರಿಯಿರಲಿಲ್ಲ. ಅಲ್ಲಿ ನೆಟ್‌ವರ್ಕ್ ಸಿಗುತ್ತಿದ್ದದ್ದು ಎತ್ತರದ ಒಂದು ಬಂಡೆಯ ಮೇಲೆ ಮಾತ್ರ. ಹೋಗುವಾಗ ತನ್ನ ಅರ್ಜಿ ಸಂಖ್ಯೆಯನ್ನು ನನ್ನ ಡೈರಿಯಲ್ಲಿ ಬರೆದು, "ನೀವ ನೋಡಿ ಹೇಳ್ರಿ" ಎಂದು ಹೋಗಿದ್ದಳು.

ಪಟ್ಟಿ ಬಂದದ್ದು ಒಂದು ಮಧ್ಯಾಹ್ನ. ಆಯ್ಕೆಯಾದವರಲ್ಲಿ ಅವಳ ಹೆಸರು. ಅದರ ಕೆಳಗೆ ವೇಟಿಂಗ್ ಲಿಸ್ಟ್, ಅದರಲ್ಲಿ ಮೊದಲನೆಯದು ನನ್ನ ಹೆಸರು. ನಾನು ಅದನ್ನು ಎರಡು ಸಲ ಓದಿದೆ. ಫೋನ್ ಹಚ್ಚಿದರೆ ಹತ್ತಲಿಲ್ಲ, ಸಂಜೆಯ ಹೊತ್ತಿಗೆ ಅವಳೇ ಬಂಡೆ ಹತ್ತಿ ಫೋನ್ ಮಾಡಿದಳು.

"ನಿಂದು ಆಗ್ಯದವ್ವಾ" ಅಂದೆ.

ಆ ಕಡೆ ಗಾಳಿಯ ಸದ್ದಿನ ನಡುವೆ ಅವಳು ಕೂಗಿ ಕೇಳಿದಳು, "ಮತ್ತ ನಿಮ್ದು?"

"ನಂದಿಲ್ಲ."

"ಲಿಸ್ಟಿನಾಗ ಎಲ್ಲೂ ಇಲ್ಲೇನ್ರಿ?"

"ಇಲ್ಲ ಬಿಡು."

ಯಾಕೆ ಹಾಗೆ ಹೇಳಿದೆ? ಅವಳಿಗೆ ಇಂಗ್ಲಿಷ್ ತಿದ್ದಿದವನು ನಾನು, ಅರ್ಜಿ ಹಾಕಿಸಿದವನು ನಾನು. ಅವಳ ಹೆಸರಿನ ಕೆಳಗೆ ನನ್ನ ಹೆಸರು ಕಾಯುತ್ತ ನಿಂತಿದೆ ಎಂದು ಹೇಳಲು ನಾಚಿಕೆಯಾಯಿತು. ನನಗೆ ಗೊತ್ತಿರುವ ಕಾರಣ ಇಷ್ಟೇ. ಗೊತ್ತಿಲ್ಲದ ಕಾರಣ ಬೇರೆ ಇತ್ತೇನೋ, ಅದನ್ನು ಇಲ್ಲವೆಂದು ಆಣೆ ಮಾಡಿ ಹೇಳಲಾರೆ.

ಎರಡು ದಿನದ ಮೇಲೆ ಅವಳು ಪತ್ರದ ಪ್ರಿಂಟು ಹಿಡಿದು ಚಿತ್ತಾಪುರದ ಕಚೇರಿಗೆ ಬಂದಳು. ಏಳು ಕೆಲಸದ ದಿನಗಳೊಳಗೆ ಮೂಲ ದಾಖಲೆಗಳೊಂದಿಗೆ ಖುದ್ದಾಗಿ ಹಾಜರಾಗಬೇಕು, ಪೂರ್ಣಾವಧಿ, ತಪ್ಪಿದಲ್ಲಿ ಸೀಟು ಪಟ್ಟಿಯಲ್ಲಿ ನಂತರದವರಿಗೆ. ಮರುದಿನವೇ ವಾಡಿಯಿಂದ ರೈಲು ಹತ್ತುತ್ತೇನೆ ಎಂದು ಬ್ಯಾಗು ಸಮೇತ ಬಂದಿದ್ದಳು. ಒಂದೇ ಚಿಂತೆ: ಪೂರ್ಣಾವಧಿ ಎಂದರೆ ಕೆಲಸ ಬಿಡಬೇಕು, ಮಲಗಿದ ತಾಯಿಯನ್ನು ಬಿಟ್ಟು ಅಷ್ಟು ದೂರ ಇರಬೇಕು.

"ಮದಲನೇ ವರ್ಷದಿಂದನ ಇಲ್ಲೇ ಇದ್ದು ಫೀಲ್ಡ್ ವರ್ಕ್ ಮಾಡಾಕ ಬಿಡ್ತಾರೇನ್ರಿ?" ಎಂದು ಕೇಳಿದಳು.

"ಕೇಳಿದ್ರ ಬಿಡ್ತಾರ. ಆದ್ರ ಹೋಗಿ ಕೇಳಬ್ಯಾಡ."

"ಅಂದ್ರ?"

"ನೀ ಒರಿಜಿನಲ್ ಕಾಗದ ಹಿಡಕೊಂಡು ಹೋಗಿ ಮುಂದ ನಿಂತಿ ಅಂದ್ರ, ಈಕಿಗೆ ಬ್ಯಾರೆ ಗತಿ ಇಲ್ಲ ಅಂತ ಅವರಿಗೆ ಗೊತ್ತಾಗತದ. ಆಮ್ಯಾಲ ಏನ್ ಕೇಳಿದ್ರೂ ಇಲ್ಲ ಅಂತಾರ. ಮೇಲ್ ಬರಿ. ಅವರು ಹೂಂ ಅಂದ ಮ್ಯಾಲ ಹೋಗು."

"ಏಳ ದಿನ ಅದಾವಲ್ರಿ ಅಣ್ಣಾ."

"ಏಳ ದಿನ ಭಾಳ ಆತು. ಆ ಮೇಡಂಗ ನೀನ ಬೇಕಾಗೀದಿ. ನಲವತ್ತು ನಿಮಿಷ ಕುಂದ್ರಿಸ್ಕೊಂಡಾರ. ಅಂಥಾಕಿನ್ನ ಯಾರ್ ಬಿಡ್ತಾರ?"

ಮೇಲ್ ಬರೆಸಿದ್ದು ನಾನೇ, ಅವಳು ಟೈಪ್ ಮಾಡಿದಳು. ಕ್ಷೇತ್ರಕಾರ್ಯವನ್ನು ಸ್ವಂತ ಊರಿನಿಂದಲೇ ಮಾಡಲು ಅನುಮತಿ ಕೊಟ್ಟರೆ ಸಂತೋಷದಿಂದ ಸೇರುವೆ ಎಂದು ಒಂದು ಸಾಲು. ಅದರ ಕೆಳಗೆ ಇನ್ನೊಂದು ಸಾಲು: ಬೇರೆ ವಿಶ್ವವಿದ್ಯಾಲಯದಿಂದಲೂ ನನಗೆ ಕರೆ ಬಂದಿದ್ದು, ತಮ್ಮ ಉತ್ತರದ ಮೇಲೆ ನಿರ್ಧರಿಸುವೆ. ಅವಳ ಬೆರಳು ಅಲ್ಲಿ ನಿಂತಿತು.

"ಇದು ಸುಳ್ಳ ಅಲ್ಲೇನ್ರಿ?"

"ಸುಳ್ಳಲ್ಲ ಇದು, ಮಾತು. ಕಳಸು."

ಕಳಿಸಿದಳು. ಮೂರನೆಯ ದಿನ ಬ್ಯಾಗು ಇನ್ನೂ ಕಚೇರಿಯ ಮೂಲೆಯಲ್ಲೇ ಇತ್ತು. "ಹೋಗಿ ಬಂದ್ಬಿಡ್ಲೇನ್ರಿ ಅಣ್ಣಾ, ಯಾಕೋ ಜೀವ ನಿಲ್ಲವಲ್ದು" ಅಂದಳು. ನಿಲ್ಲು ಅಂದೆ. ನಾಲ್ಕನೆಯ ದಿನ ಒಂದು ಉತ್ತರ ಬಂತು: ತಮ್ಮ ಪತ್ರವನ್ನು ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ. ನನಗೆ ಅದು ಗೇಟಿನ ಹತ್ತಿರ ಕೇಳಿಸುವ ಕೂಗಿನ ಹಾಗೆ ಕಂಡಿತು. "ನೋಡು, ಕರಿಯಾಕತ್ತಾರ" ಅಂದೆ. ಅವಳು ಆ ಸಾಲನ್ನೇ ಮತ್ತೆ ಮತ್ತೆ ಓದಿದಳು, ಅದರಲ್ಲಿ ಕರೆಯುವ ಮಾತು ಎಲ್ಲಿದೆ ಎಂದು ಹುಡುಕುವವಳ ಹಾಗೆ. ಇರಲಿಲ್ಲ. ಯಾವ ಕಚೇರಿಯಲ್ಲಾದರೂ ಯಾವ ಪತ್ರಕ್ಕಾದರೂ ಕಳಿಸುವ ಉತ್ತರ ಅದು. ಏಳನೆಯ ದಿನ ಅವಳು ಹತ್ತಾರು ಸಲ ಫೋನ್ ಮಾಡಿದಳು, ಆ ಕಡೆ ಯಾರೂ ಎತ್ತಲಿಲ್ಲ. ಹೊರಟರೂ ಮುಟ್ಟುವ ಹೊತ್ತಿಗೆ ಮರುದಿನವಾಗುತ್ತಿತ್ತು.

ಆ ಮರುದಿನ, ನಾನು ಶಹಾಬಾದಿನ ಒಂದು ಪಾಲಿಶ್ ಅಂಗಳದಲ್ಲಿ ಹೆಣ್ಣುಮಕ್ಕಳ ಜತೆ ಮಾತಾಡುತ್ತಿದ್ದಾಗ ಫೋನ್ ಬಂತು. ವಿಶ್ವವಿದ್ಯಾಲಯದ ಗುಮಾಸ್ತರು.

"ನೀವು ವೇಟಿಂಗ್‌ನಲ್ಲಿ ಮೊದಲನೆಯವರು. ಸೆಲೆಕ್ಟ್ ಆದವರಿಗೆ ಬೇರೆ ಕಡೆ ಸಿಕ್ಕಿದೆಯಂತೆ, ಮೇಲ್ ಹಾಕಿದ್ದಾರೆ. ಬರಲೂ ಇಲ್ಲ. ನೀವು ಬರ್ತೀರೋ..."

"ಬರ್ತೀನ್ರಿ ಸರ್. ನಾಳೆನೇ ಬರ್ತೀನಿ" ಅಂದೆ.

ಅವರ ಮಾತು ಇನ್ನೂ ಮುಗಿದಿರಲಿಲ್ಲ. ಜೀವಮಾನದಲ್ಲಿ ಒಂದು ಸೌದಾಕ್ಕೂ ಅಷ್ಟು ಬೇಗ ಹೂಂ ಅಂದವನಲ್ಲ ನಾನು. ಅವಳಿಗೆ ಏಳು ದಿನ ಕಾಯಲು ಹೇಳಿದವನಿಗೆ ಏಳು ಕ್ಷಣ ಬೇಕಾಗಲಿಲ್ಲ. ಬೇರೆ ಕಡೆ ಸಿಕ್ಕಿಲ್ಲ ಸರ್, ಅದು ನಾನು ಬರೆಸಿದ ಮಾತು, ಅವಳು ನನ್ನ ಕಚೇರಿಯಲ್ಲೇ ಬ್ಯಾಗು ಇಟ್ಟುಕೊಂಡು ಕೂತಿದ್ದಾಳೆ ಎಂದು ಹೇಳಲು ಫೋನ್ ಇನ್ನೂ ಕಿವಿಯಲ್ಲೇ ಇತ್ತು. ಹೇಳಲಿಲ್ಲ.

ಮನೆಗೆ ಬಂದು ಕಾಗದ ಜೋಡಿಸುತ್ತಿದ್ದಾಗ ಹೆಂಡತಿ ಕೇಳಿದಳು, "ಆಕಿಗಿ ಹೇಳಿದ್ರೇನು?"

"ಬಂದ ಮ್ಯಾಲ ಹೇಳ್ತೀನಿ."

"ಎಲ್ಲಾರಿಗೂ ಶಾಣ್ಯಾತನ ಹೇಳ್ಕೊಡ್ತೀರಿ. ಇದು ಯಾವ ಶಾಣ್ಯಾತನ?"

ಫೈಲನ್ನು ಬ್ಯಾಗಿಗೆ ಹಾಕಿ ಸ್ಟೇಷನ್ನಿಗೆ ನಡೆದೆ.

ವಿಭಾಗದಲ್ಲಿ ಪ್ರೊಫೆಸರ್ ನನ್ನ ಫೈಲು ತಮ್ಮ ಮುಂದೆ ಇಟ್ಟುಕೊಂಡಿದ್ದರು. ನಾನು ಸಹಿ ಮಾಡಬೇಕಾದ ರಿಜಿಸ್ಟರ್ ಪಕ್ಕದಲ್ಲಿತ್ತು. ಕನ್ನಡಕ ತೆಗೆದು ಕೇಳಿದರು, "ನಿಮ್ಮ ಕಡೆಯ ಆ ಹುಡುಗಿ, ಜೋಳಿಗೆ ಕಟ್ಟಿ ತೋರಿಸಿದವಳು, ಬರುತ್ತಾಳೆ ಅಂತ ಕಾದೆ. ಎಲ್ಲಿ ಸೇರಿದಳು, ನಿಮಗೇನಾದರೂ ಗೊತ್ತಾ?"

"ಗೊತ್ತಿಲ್ಲ ಮೇಡಂ" ಅಂದೆ. ಅಂದು ಸಹಿ ಮಾಡಿದೆ.

ಹಿಂದಿನದಕ್ಕೆಲ್ಲ ಏನಾದರೂ ಒಂದು ಹೆಸರು ಕೊಡಬಹುದು. ಅವಸರ ಅನ್ನಬಹುದು, ನಾಚಿಕೆ ಅನ್ನಬಹುದು, ಊರಿನ ರೂಢಿ ಅನ್ನಬಹುದು. ಈ ಎರಡು ಶಬ್ದಕ್ಕೆ ನನ್ನ ಹತ್ತಿರ ಯಾವ ಹೆಸರೂ ಇಲ್ಲ.

ವಾಪಸ್ಸು ಬಂದ ದಿನವೇ ಅವಳಿಗೆ ಹೇಳಿದೆ. ಕಚೇರಿಯ ಹಿಂದಿನ ಕಟ್ಟೆಯ ಮೇಲೆ ಕೂತಿದ್ದಳು. ಬಿಕ್ಕಲಿಲ್ಲ, ಬೈಯಲಿಲ್ಲ. ಮೊದಲು ಒಂದು ಪ್ರಶ್ನೆ ಕೇಳಿದಳು.

"ವೇಟಿಂಗಿನಾಗ ನಿಮ್ಮ ಹೆಸರು ಮದಲ ಅದ ಅಂತ ಯಾವಾಗ ನೋಡಿದ್ರಿ?"

"ನಿಂದು ನೋಡಿದ ದಿನಾನ."

"ಮೇಲ್ ಬರಸೋಕಿಂತ ಮದಲ."

"ಹೌದು."

ಎದುರಿನ ಗೋಡೆ ನೋಡುತ್ತಲೇ ಮತ್ತೆ ಕೇಳಿದಳು, "ಈಗ ನೀವು ಬಿಟ್ರ ನನಗ ಬರ್ತದೇನ್ರಿ?"

ನಾನು ಅದನ್ನು ವಿಚಾರಿಸಿಕೊಂಡೇ ಬಂದಿದ್ದೆ. "ಇಲ್ಲ. ವೇಟಿಂಗಿನ ಎರಡನೇದವರಿಗೆ ಹೋಗತದ."

"ಹಂಗಾರ ನೀವ ಮಾಡ್ರಿ. ಇಬ್ರೂ ಹಾಳಾಗೋದು ಯಾಕ." ಎದ್ದು ಹೋಗಿ ಆ ವಾರದ ಸರ್ವೆ ಹಾಳೆಗಳನ್ನು ಎಣಿಸಿ ಕಟ್ಟಿದಳು. ಆ ತಿಂಗಳ ಕೊನೆಗೆ ಕೆಲಸ ಬಿಟ್ಟಳು. ಈಗ ಸೇಡಂನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ.

ಎರಡನೆಯ ವರ್ಷದ ಕೊನೆಯಲ್ಲಿ ಪ್ರೊಫೆಸರಿಗೆ ನಾನೇ ಎಲ್ಲ ಹೇಳಿದೆ. ಅವರಿಗೆ ಬೀಳ್ಕೊಡುಗೆಯ ದಿನ ಹತ್ತಿರ ಬಂದಿತ್ತು, ಅದಕ್ಕೇ ಧೈರ್ಯ ಬಂತೋ ಏನೋ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಅಂದದ್ದು ಇಷ್ಟೇ: "ನೀವು ಸಹಿ ಮಾಡಿದ ದಿನ ಸಂಜೆ ತನಕ ಆ ಪಟ್ಟಿ ಇನ್ನೂ ಕುಲಸಚಿವರಿಗೆ ಹೋಗದೆ ನನ್ನ ಟೇಬಲ್ ಮೇಲೇ ಇತ್ತು. ಅವಳ ಮೇಲ್ ಸಿಕ್ಕ ಮೇಲೆ ಅವಳಿಗೆ ನಾನೊಂದು ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಬೇರೆ ಕಡೆ ಸೇರಿದ್ದಾಳೆ, ತೊಂದರೆ ಕೊಡುವುದು ಬೇಡ ಅಂದುಕೊಂಡೆ. ಆ ದಿನ ನೀವು ಹೇಳಿದ್ದರೆ ಕುಲಸಚಿವರ ಹತ್ತಿರ ಹೋಗುತ್ತಿದ್ದೆ." ನನ್ನ ಅಧ್ಯಾಯದ ಕರಡನ್ನು ನನ್ನ ಕಡೆ ತಳ್ಳಿ, ಮೂರನೇ ಕೋಷ್ಟಕ ಸರಿಯಿಲ್ಲ ನೋಡಿ ಅಂದರು.

ಆದ್ದರಿಂದ ಈಗ ನನ್ನ ಮನೆಗೆ ಬರುವವರಿಗೆ ಒಂದು ಮಾತು ಹೆಚ್ಚಿಗೆ ಹೇಳುತ್ತೇನೆ. ಪತ್ರ ಬಂದ ದಿನವೇ ಗಾಡಿ ಹತ್ತಿ. ಏನು ಕೇಳುವುದಿದ್ದರೂ ಸೀಟಿನ ಮೇಲೆ ಕೂತು ಕೇಳಿ. ಮತ್ತು ನಿಮ್ಮದೇ ಪಟ್ಟಿಯಲ್ಲಿ ಕೆಳಗೆ ಹೆಸರಿರುವವನನ್ನು, ಅವನು ಎಷ್ಟೇ ಒಳ್ಳೆಯವನಿರಲಿ, ಎಷ್ಟೇ ತಿಳಿದವನಿರಲಿ, ಸಲಹೆ ಕೇಳಬೇಡಿ. ಯಾಕೆಂದು ಯಾರೂ ಕೇಳುವುದಿಲ್ಲ, ಬರೆದುಕೊಳ್ಳುತ್ತಾರೆ.

ಹೋದ ತಿಂಗಳು ಚಿತ್ತಾಪುರ ಸ್ಟೇಷನ್ನಿನಲ್ಲಿ ಅವಳು ಸಿಕ್ಕಳು. ನಾನು ವಾಡಿ ಕಡೆಯ ಗಾಡಿಗೆ, ಅವಳು ಸೇಡಂ ಕಡೆಯ ಗಾಡಿಗೆ. ಒಂದೇ ಬೆಂಚಿನ ಮೇಲೆ ಕೂತೆವು.

"ಆರಾಮ್ ಅದೀರೇನ್ರಿ ಅಣ್ಣಾ? ಥೀಸಿಸ್ ಮುಗೀತೇನ್ರಿ?"

"ಬರಿಯಾಕತ್ತೀನವ್ವಾ. ಅವ್ವ ಹೆಂಗದಾರ?"

"ಈಗ ಅಡ್ಡಿಯಿಲ್ರಿ, ಎದ್ದು ಓಡ್ಯಾಡ್ತಾಳ."

"ನೀ ಮತ್ತ ಅರ್ಜಿ ಹಾಕೀದಿ ಅಂತ ಯಾರೋ ಅಂದ್ರು."

"ಹಾಕೀನ್ರಿ. ಎರಡು ಕಡೆ. ಇಂಟರ್‌ವ್ಯೂನೂ ಆಗ್ಯಾವ."

"ವಿಷಯ ಅದೇನಾ?"

"ಅದ ಮತ್ತ. ಬ್ಯಾರೆ ಏನ್ ಗೊತ್ತದ ನನಗ" ಎಂದು ನಕ್ಕಳು. ಮೊದಲಿನ ಹಾಗೇ ನಕ್ಕಳು, ಅದೇ ನನಗೆ ಹೆಚ್ಚು ಕಷ್ಟವಾಯಿತು. ಗಾಡಿ ಬರುವ ಘೋಷಣೆ ಆಯಿತು.

"ಎಲ್ಲೆಲ್ಲಿ ಹಾಕೀಯವ್ವಾ?" ಎಂದು ಕೇಳಿದೆ.

ಅವಳು ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ನನ್ನನ್ನು ನೋಡಿದಳು. ನೋಟದಲ್ಲಿ ಸಿಟ್ಟಿರಲಿಲ್ಲ.

"ಲಿಸ್ಟ್ ಬರ್ಲಿ ತಡೀರಿ ಅಣ್ಣಾ. ಸೇರಿ, ಸಹಿ ಮಾಡಿ, ಆಮ್ಯಾಲ ನಾನ ಫೋನ್ ಮಾಡಿ ಹೇಳ್ತೀನಿ."

ಆಗಲವ್ವಾ ಅಂದೆ. ಅವಳು ಹತ್ತಿ ಕಿಟಕಿಯ ಹತ್ತಿರ ಜಾಗ ಹಿಡಿದು ಕೈ ಬೀಸಿದಳು. ಫೋನ್ ಇನ್ನೂ ಬಂದಿಲ್ಲ.